ಬೋರ್ಡು ಆರು, ದಾರಿ ಒಂದೇ!

ಮದ್ದೂರು–ಮಂಡ್ಯದ ರೈಲು ಕಂಡ ಯಜಮಾನರು. ಮಳವಳ್ಳಿ ಕಾದ ಕಾಲ

ಮದ್ದೂರು ಸ್ಟೇಷನ್ನಿನಲ್ಲಿ ರೈಲು ನಿಲ್ಲೋದು ಒಂದೆರಡು ನಿಮಿಷ. ಅಷ್ಟರಲ್ಲೇ ಇಳಿಯೋರು ಇಳೀಬೇಕು, ಹತ್ತೋರು ಹತ್ತಬೇಕು, ವಡೆ ಕೊಂಡೋರು ಚಿಲ್ಲರೆ ಎಣಿಸಬೇಕು. ಈ ಗಡಿಬಿಡಿಯಲ್ಲಿ ರೈಲು ಯಾರದು ಅಂತ ಕೇಳೋ ಪುರುಸೊತ್ತು ಯಾರಿಗಿದೆ? "ಯಾರ್ದಾದ್ರೇನಣ್ಣ, ಟೇಮಿಗ್ ಬಂದು ನಮ್ಮೂರಲ್ಲಿ ನಿಂತ್ರೆ ಸಾಕು" ಅನ್ನೋದೇ ದಿನಾ ಓಡಾಡೋ ಜನರ ವೇದಾಂತ.

ವೇದಾಂತವೇನೋ ಸರಿ. ಆದರೆ ರೈಲು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು, ಹಳಿ ಯಾವ ಊರಿಗೆ ಹೋಗಬೇಕು, ಯಾವ ಊರಿಗೆ ಬೇಡ ಅಂತ ತೀರ್ಮಾನ ಮಾಡೋನು ಯಜಮಾನನೇ ತಾನೆ? ಬಂದರಿನಲ್ಲಿ ಹಳೇ ಹಡಗು ಕೈ ಬದಲಾದಾಗ ಹೊಸ ಧಣಿ ಹಳೇ ಹೆಸರು ಅಳಿಸಿ ಹೊಸ ಹೆಸರು ಬಳಿಸುತ್ತಾನೆ. ಬೆಂಗಳೂರು–ಮೈಸೂರು ರೈಲಿಗೂ ಅದೇ ಆಗಿದೆ. 140 ವರ್ಷ ದಾಟಿದ ಈ ದಾರಿ ಇದುವರೆಗೆ ಆರು ಬೋರ್ಡು ಕಂಡಿದೆ.

ಬರಗಾಲದ ಕೂಸು

ಈ ರೈಲು ಹುಟ್ಟಿದ್ದು ಹಬ್ಬಕ್ಕಲ್ಲ, ಬರಕ್ಕೆ. 1876–78ರ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಸತ್ತರು. ಮದರಾಸಿನಿಂದ ಬಂದ ಅಕ್ಕಿ ಬೆಂಗಳೂರಿನ ತನಕ ರೈಲಿನಲ್ಲಿ ಬಂತು. ಅಲ್ಲಿಂದಾಚೆ ಎತ್ತಿನಗಾಡಿಯೇ ಗತಿ. ಗಾಡಿ ಎಳೆಯೋ ಎತ್ತಿಗೇ ಮೇವಿಲ್ಲ! ಹಳಿ ಇದ್ದಿದ್ದರೆ ಒಂದಿಷ್ಟು ಜೀವ ಉಳೀತಿತ್ತು ಅನ್ನೋ ಬುದ್ಧಿ ಆಗ ಬಂತು. ಹಸಿದ ಜನಕ್ಕೆ ಕೂಲಿ ಕೊಟ್ಟು ಮಣ್ಣು ಹೊರಿಸಲಾಯಿತು. ಮೀಟರ್ ಗೇಜ್ ದಾರಿ 1881ರಿಂದ ತುಂಡುತುಂಡಾಗಿ ತೆರೆದು, 1882ರಲ್ಲಿ ಮೈಸೂರು ಮುಟ್ಟಿತು. ಮೊದಲ ಯಜಮಾನ ಮೈಸೂರು ಸಂಸ್ಥಾನ. ಆಗ ದಿವಾನರು ರಂಗಾಚಾರ್ಲು.

ಸಂಸಾರ ಮಾತ್ರ ನಾಲ್ಕು ದಿನದ್ದು. ಬರದ ಸಾಲ ತಲೆ ಮೇಲಿತ್ತು, ಹರಿಹರದ ಕಡೆಗಿನ ಹಳಿ ಮುಗಿಸೋಕೆ ದುಡ್ಡು ಬೇಕಿತ್ತು. 1886ರಲ್ಲಿ ರೈಲು ನಡೆಸೋ ಹಕ್ಕು ಸದರನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಯಿತು. ಕೂಲಿ ಮಾಡಿದ್ದು ನಮ್ಮ ಜನ, ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದು ಕಂಪನಿ. 1908ರಲ್ಲಿ ಆ ಕಂಪನಿ ಮದರಾಸು ರೈಲ್ವೆ ಜತೆ ಸೇರಿ ಮದರಾಸು ಅಂಡ್ ಸದರನ್ ಮರಾಠಾ ರೈಲ್ವೆ ಆಯಿತು. ಬೋರ್ಡು ನಂಬರ್ ಮೂರು.

ಕಂಪನಿ ಕಾಲದ ವಡೆ

ಈ ಮೂರನೇ ಯಜಮಾನನ ಕಾಲದಲ್ಲೇ ಮದ್ದೂರಿಗೆ ಹೆಸರು ತಂದ ತಿಂಡಿ ಹುಟ್ಟಿತು. ಸ್ಟೇಷನ್ನಿನಲ್ಲಿ ರಾಮಚಂದ್ರ ಬುದ್ಯ ಅವರು ತಿಂಡಿ ಕೊಠಡಿ ನಡೆಸುತ್ತಿದ್ದರು. 1917ರಲ್ಲಿ ಒಂದು ದಿನ ರೈಲು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತಂತೆ. ಪಕೋಡ ಉಂಡೆ ಕಟ್ಟಿ ಕರಿಯೋಕೆ ವ್ಯವಧಾನವಿಲ್ಲ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಕಲಸಿ, ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು. ಮದ್ದೂರು ವಡೆ ಆಯಿತು! ಊರಲ್ಲಿ ಇವತ್ತಿಗೂ ಹೇಳೋ ಕಥೆ ಇದು. ರೈಲು ಮುಂಚೆ ಬಂದು ಜನಕ್ಕೆ ಉಪಕಾರ ಮಾಡಿದ್ದು ಅದೊಂದೇ ಸಲ ಅಂತ ತಮಾಷೆ ಮಾಡೋರೂ ಇದ್ದಾರೆ.

1919ರಲ್ಲಿ ಸಂಸ್ಥಾನ ತನ್ನ ರೈಲನ್ನು ಕಂಪನಿಯಿಂದ ವಾಪಸ್ ಪಡೆಯಿತು. ಮೈಸೂರು ಸ್ಟೇಟ್ ರೈಲ್ವೆ, ನಾಲ್ಕನೇ ಬೋರ್ಡು. ಮಂಡ್ಯದ ಅದೃಷ್ಟ ತಿರುಗಿದ್ದು ಈ ಕಾಲದಲ್ಲೇ. ನಾಲೆ ನೀರು ಬಂತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಂಪನಿ ಬಂತು, 1939ರಲ್ಲಿ ಜಿಲ್ಲೆಯೂ ಆಯಿತು. ಹಳಿ ಪಕ್ಕದ ಊರು ಪಟ್ಟಣವಾಯಿತು. ಅಂಗಡಿ ಇಟ್ಟವರು ಮಾಳಿಗೆ ಮನೆ ಕಟ್ಟಿದರು.

1950ರಲ್ಲಿ ರೈಲು ದೆಹಲಿಯ ಕೈಗೆ ಹೋಯಿತು, 1951ರ ಏಪ್ರಿಲ್‌ನಲ್ಲಿ ದಕ್ಷಿಣ ರೈಲ್ವೆಯ ಬೋರ್ಡು ಬಿತ್ತು. ಅರ್ಧ ಶತಮಾನ ಮದರಾಸಿನ ಕಚೇರಿಯಿಂದ ಆಡಳಿತ. ಹಬೆ ಎಂಜಿನ್ ಹೋಗಿ ಡೀಸೆಲ್ ಬಂತು. 1990ರ ದಶಕದ ಮೊದಲ ವರ್ಷಗಳಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಕಣ್ಣಿಗೆ ಕಿಡಿ ಬೀಳೋ ಕಾಟ ತಪ್ಪಿತು. ಹಬೆ ಕಾಲದ ಗತ್ತು ನೋಡಬೇಕಾದರೆ ಮೈಸೂರಿನಲ್ಲಿ 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಬೇಕು. ಮಹಾರಾಣಿಯವರ 1899ರ ಸಲೂನ್ ಅಲ್ಲಿ ನಿಂತಿದೆ. 2003ರ ಏಪ್ರಿಲ್ 1ರಿಂದ ನೈರುತ್ಯ ರೈಲ್ವೆ, ಕೇಂದ್ರ ಹುಬ್ಬಳ್ಳಿ. ಅದೇ ಆರನೇ ಬೋರ್ಡು.

ಹೆಸರು ಬದಲಾವಣೆ ಅಲ್ಲಿಗೂ ನಿಲ್ಲಲಿಲ್ಲ. 2022ರಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಹೋಗಿ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಊರಲ್ಲೆಲ್ಲ ವಾದವೋ ವಾದ. ಸೀಟು ಮಾತ್ರ ಜಾಸ್ತಿ ಆಗಲಿಲ್ಲ!

ಜೇಬಿಗೆ ಬಿದ್ದ ಪೆಟ್ಟು

ಹೆಸರಿಗಿಂತ ಜನಕ್ಕೆ ತಟ್ಟಿದ್ದು ದರ. 2020ರಲ್ಲಿ ಕೊರೊನಾ ಬಂದು ಪ್ಯಾಸೆಂಜರ್ ಗಾಡಿ ನಿಂತವು. ಮತ್ತೆ ಹೊರಟಾಗ ಅದೇ ಗಾಡಿ, ಅದೇ ಸ್ಟೇಷನ್, ಆದರೆ ಎಕ್ಸ್‌ಪ್ರೆಸ್ ದರ. ಹತ್ತು ರೂಪಾಯಿಯ ಕನಿಷ್ಠ ಟಿಕೆಟ್ಟಿಗೆ ಮೂವತ್ತು! ಹೂವು, ಸೊಪ್ಪು ಹೊತ್ತು ಓಡಾಡೋ ಹೆಂಗಸರಿಗೆ ಆ ಇಪ್ಪತ್ತು ರೂಪಾಯಿಯೇ ದಿನದ ಲಾಭ. ಹಳೇ ದರ ವಾಪಸ್ ಬಂದದ್ದು 2024ರ ಫೆಬ್ರವರಿಯಲ್ಲಿ.

ದಾರಿ ಊರು ಬಿಟ್ಟು ಹೋದರೆ ಏನಾಗುತ್ತೆ ಅನ್ನೋದು ವ್ಯಾಪಾರಿಗಳಿಗೆ ಈಗ ಗೊತ್ತಾಗಿದೆ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಕಾರುಗಳು ಬೈಪಾಸ್ ಹಿಡಿದವು. ಮದ್ದೂರು, ಮಂಡ್ಯದ ಪೇಟೆಬೀದಿ ಹೋಟೆಲಿನವರು ಕೈಕಟ್ಟಿ ಕೂತರು. ಊರೊಳಕ್ಕೇ ಬಂದು ಗಿರಾಕಿ ಇಳಿಸೋದು ಈಗ ಬಸ್ಸು ಬಿಟ್ಟರೆ ರೈಲೇ. ಹಾಗಾಗಿ ರೈಲು ನಿಲ್ಲೋ ಆ ಎರಡು ನಿಮಿಷ ಬರೀ ಎರಡು ನಿಮಿಷವಲ್ಲ. ಅಂಗಡಿ ಬೀದಿಯ ಅನ್ನ.

ಮಳವಳ್ಳಿ ಮಾಡಿದ ತಪ್ಪೇನು?

ಮದ್ದೂರಿನಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿದೆ ಮಳವಳ್ಳಿ. ಆರು ಬೋರ್ಡು ಬದಲಾದವು, ಒಬ್ಬ ಯಜಮಾನನೂ ಅಲ್ಲಿಗೆ ಒಂದು ಗಜ ಹಳಿ ಹಾಕಲಿಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ 142 ಕಿಲೋಮೀಟರ್ ಮಾರ್ಗ ದಶಕಗಳಿಂದ ಕಡತದಲ್ಲಿದೆ. ಚುನಾವಣೆ ಬಂದಾಗ ಕಡತದ ಧೂಳು ಒರೆಸುತ್ತಾರೆ, ಮುಗಿದ ಮೇಲೆ ಮತ್ತೆ ಕಟ್ಟಿಡುತ್ತಾರೆ.

ಇದು ಎಂಥ ತಾಲ್ಲೂಕು? 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ತಾಲ್ಲೂಕು. ಇವತ್ತು ಪಕ್ಕದ ಮದ್ದೂರಿನಲ್ಲಿ ಕರೆಂಟ್ ರೈಲು ಓಡುತ್ತೆ; ಚಿನ್ನದ ಗಣಿಗೇ ಕರೆಂಟು ಕೊಟ್ಟವರು ಬಸ್ ಸ್ಟ್ಯಾಂಡಿನಲ್ಲಿ ಫುಟ್‌ಬೋರ್ಡಿಗೆ ಜೋತು ಬೀಳ್ತಾರೆ.

ಆಗದ ಕೆಲಸವೇನೂ ಅಲ್ಲ. ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನಮನೆಯನ್ನು, ಇಡೀ ಕಟ್ಟಡವನ್ನೇ, ಬುಡಸಮೇತ ಎತ್ತಿ ಆಚೆಗೆ ಜರುಗಿಸಿದರು. ಕಲ್ಲುಗಾರೆಯ ಕಟ್ಟಡ ಜರುಗಿತು. ಮಳವಳ್ಳಿಯ ಕಡತ ಜರುಗಬೇಡವೆ?

ಸಂಜೆ ರೈಲಿಳಿದ ಮಳವಳ್ಳಿಯವರು ಮದ್ದೂರು ಸ್ಟೇಷನ್ನಿನಿಂದ ಚೀಲ ಹೆಗಲಿಗೇರಿಸಿ ಓಡುತ್ತಾರೆ. "ಬಿರ್‌ಬಿರ್ನೆ ಬಾ ಕಣೋ, ಬಸ್ಸು ಒಂಟೋಯ್ತದೆ!" ಬೋರ್ಡಿನ ಮೇಲೆ ಯಾರ ಹೆಸರಿದೆ ಅಂತ ಅವರು ತಿರುಗಿ ನೋಡೋಲ್ಲ. ತಮ್ಮೂರಿನ ಹೆಸರಿನ ಬೋರ್ಡು ಒಂದು ಪ್ಲಾಟ್‌ಫಾರಮ್ಮಿನ ಮೇಲೆ ನಿಂತ ದಿನ ನೋಡಿಯಾರು.