ನರ್ಸರಿಯಲ್ಲಿ ಒಳ್ಳೆಯ ಗಿಡ ಆರಿಸುವುದು ಹೇಗೆ?

ನರ್ಸರಿಯಲ್ಲಿ ಮೈತುಂಬ ಹೂ ಬಿಟ್ಟ ದಾಸವಾಳ ಕಂಡ ಕೂಡಲೇ ಕೊಳ್ಳಬೇಡಿ. ಆ ಹೂ ಒಂದೇ ದಿನದ್ದು. ಗಿಡ ವರ್ಷಗಟ್ಟಲೆ ಬಾಳಬೇಕಾದದ್ದು.

ಮೊದಲು ಎಲೆ ತಿರುಗಿಸಿ ನೋಡಿ. ಎಲೆಯಡಿ, ಕುಡಿಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಅಂಟು ಇದೆಯೇ? ಅದು ಹಿಟ್ಟು ತಿಗಣೆ. ಆ ಗಿಡ ಬೇಡ.

ಆಮೇಲೆ ಬುಡ. ಕಾಂಡ ಅಲುಗಾಡದೆ ಗಟ್ಟಿಯಾಗಿ ನಿಂತಿರಬೇಕು. ಕವರಿನ ತೂತಿನಿಂದ ದಪ್ಪ ಬೇರು ಹೊರಬಂದು ಸುತ್ತಿಕೊಂಡಿದ್ದರೆ, ಗಿಡ ಅದರಲ್ಲೇ ತುಂಬಾ ಕಾಲ ಕಳೆದಿದೆ. ಅದನ್ನೂ ಬಿಡಿ.

ಕಸಿ ಗುಲಾಬಿಯಾದರೆ, ಚಿಗುರು ಕಸಿ ಕಟ್ಟಿದ ಜಾಗದ ಮೇಲಿನಿಂದಲೇ ಬಂದಿರಬೇಕು.

ಹೊಸ ಚಿಗುರು, ಮೊಗ್ಗು ಇರುವ ಪುಟ್ಟ ಗಿಡವೇ ಲೇಸು. ಮನೆಗೆ ತಂದ ಮೇಲೆ 2 ವಾರ ಅದನ್ನು ಉಳಿದ ಗಿಡಗಳಿಂದ ದೂರವಿಡಿ. ಹುಳ ಬಂದರೂ ಬೇರೆ ಗಿಡಗಳು ಉಳಿಯುತ್ತವೆ.