ದಾರಿ ಮೊದಲು ಯಾರಿಗೆ?

ಪಾದಯಾತ್ರೆಯೆಂಬುದು ರಾಮನಗರ ಸೀಮೆಯ ಮಹಾಜನರಿಗೆ ಹೊಸದಲ್ಲ. 2022ನೆಯ ಇಸವಿ ಜನವರಿ 9ರಂದು ಕನಕಪುರ ತಾಲ್ಲೂಕಿನ ಸಂಗಮದಿಂದ ಮೇಕೆದಾಟು ಅಣೆಕಟ್ಟಿನ ಸಲುವಾಗಿ ಹೊರಟ ನಡಿಗೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಕೋವಿಡ್ ಕಾಲದ ಕಟ್ಟಳೆಗಳನ್ನು ಮೀರಿದರೆಂದು ಮುಖಂಡರ ಮೇಲೆ ಮೊಕದ್ದಮೆಗಳು ದಾಖಲಾದುವು. ಉಚ್ಚ ನ್ಯಾಯಾಲಯವು ಕಟುವಾಗಿ ಪ್ರಶ್ನಿಸಿದ ಮೇಲೆ 13ನೆಯ ತಾರೀಖು ನಡಿಗೆಯು ರಾಮನಗರದಲ್ಲಿ ನಿಂತಿತು. ಫೆಬ್ರವರಿ 27ರಂದು ಅಲ್ಲಿಂದಲೇ ಮತ್ತೆ ಹೊರಟು ಬೆಂಗಳೂರನ್ನು ಸೇರಿತು. ಅಣೆಕಟ್ಟಿನ ವಿಚಾರವು ಇಲ್ಲಿ ಪ್ರಕೃತವಲ್ಲ. ಪ್ರತಿಭಟನೆಯೆಂದರೆ ಕಾಲ್ನಡಿಗೆ ಎಂದು ನಾವೆಲ್ಲರೂ ಎಷ್ಟು ಸಹಜವಾಗಿ ಭಾವಿಸಿರುವೆವೆಂಬುದನ್ನು ತೋರಿಸುವುದಕ್ಕಾಗಿ ಇದನ್ನು ಹೇಳಿದೆವು. ನಡೆಯಲಾರದವರು ತಮ್ಮ ಅಹವಾಲನ್ನು ಬೀದಿಗೆ ತರುವುದು ಹೇಗೆ? ತಂದಾಗ ಪೋಲೀಸಿನವರು ಅವರೊಡನೆ ವರ್ತಿಸಬೇಕಾದುದು ಹೇಗೆ?

ಶಸ್ತ್ರವಿಲ್ಲದೆ ಶಾಂತರೀತಿಯಿಂದ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ಪ್ರಜೆಗಳೆಲ್ಲರಿಗೂ ಕೊಟ್ಟಿರುವುದು. ಯುಕ್ತವಾದ ನಿರ್ಬಂಧವನ್ನು ಹಾಕಲು ಸರ್ಕಾರಕ್ಕೂ ಅಧಿಕಾರವುಂಟು. ಈ ‘ಯುಕ್ತ’ವೆಂಬುದರ ಅಳತೆಯೇ ವ್ಯಾಜ್ಯಕ್ಕೆಲ್ಲ ಮೂಲ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ 144ನೆಯ ಪ್ರಕರಣದ ಮೇರೆಗೆ ಸಭೆಗಳನ್ನು ನಿಷೇಧಿಸಿ, ಪುರಭವನದ ಬಳಿ ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹರನ್ನೂ ಪೋಲೀಸಿನವರು ಹಿಡಿದೊಯ್ದರು. ಆ ನಿಷೇಧವು ಕಾನೂನಿಗೆ ವಿರುದ್ಧವೆಂದು ಉಚ್ಚ ನ್ಯಾಯಾಲಯವು ಮುಂದಿನ ಫೆಬ್ರವರಿಯಲ್ಲಿ ತೀರ್ಮಾನಿಸಿತು. ಅಷ್ಟರಲ್ಲಿ ಸಭೆ ಸೇರಬೇಕಾಗಿದ್ದ ದಿನಗಳು ಕಳೆದುಹೋಗಿದ್ದುವೆಂದು ಬೇರೆ ಹೇಳಬೇಕಾದುದಿಲ್ಲ.

ಅಂಗವಿಕಲರ ವಿಷಯದಲ್ಲಿ ಮರೆಯಬಾರದ ದಿನವೊಂದಿದೆ: 1980ನೆಯ ಮಾರ್ಚ್ 16. ಆ ದಿನ ದೆಹಲಿಯಲ್ಲಿ ಉದ್ಯೋಗವನ್ನು ಬೇಡಿ ಪ್ರಧಾನಮಂತ್ರಿಗಳ ನಿವಾಸದ ಕಡೆಗೆ ಹೊರಟಿದ್ದ ಅಂಧರ ಮೆರವಣಿಗೆಯ ಮೇಲೆ ಪೋಲೀಸಿನವರು ಲಾಠಿ ಬೀಸಿದರು. ಕಣ್ಣುಳ್ಳವನು ಎತ್ತಿದ ಕೋಲನ್ನು ಕಂಡು ತಲೆ ತಗ್ಗಿಸುವನು, ಓಡುವನು; ಕಾಣದವನಿಗೆ ಮೊದಲು ತಿಳಿಯುವುದು ಪೆಟ್ಟೇ. ಓಡುವುದಾದರೂ ಯಾವ ದಿಕ್ಕಿಗೆ? ಒಂದೇ ಲಾಠಿ, ಒಂದೇ ಆಜ್ಞೆ. ಆದರೂ ಎರಡು ದೇಹಗಳ ಮೇಲೆ ಅದು ಎರಡು ಬಗೆಯ ಶಿಕ್ಷೆಯಾಗುವುದು. ರಾಷ್ಟ್ರೀಯ ಅಂಧರ ಒಕ್ಕೂಟದವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಅವರದೇ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2013ನೆಯ ಅಕ್ಟೋಬರ್ 8ರಂದು, ಸರ್ಕಾರಿ ಉದ್ಯೋಗಗಳಲ್ಲಿ ನೂರಕ್ಕೆ 3ರ ಮೀಸಲಾತಿಯನ್ನು ಒಟ್ಟು ಖಾಲಿ ಸ್ಥಾನಗಳ ಮೇಲೆ ಎಣಿಸತಕ್ಕದ್ದೆಂದು ತೀರ್ಪು ಕೊಟ್ಟಿತು. ಆ ಮೀಸಲಾತಿಯ 1995ರ ಶಾಸನವಾದರೂ ಅಂಗವಿಕಲರು ದೆಹಲಿಯ ಚಳಿಯಲ್ಲಿ ಧರಣಿ ಕುಳಿತ ಮೇಲೆ ಬಂದುದು. 2016ರ ಹೊಸ ಶಾಸನವು ವೈಕಲ್ಯಗಳನ್ನು 21 ಬಗೆಯಾಗಿ ಗಣಿಸಿ, ಮೀಸಲಾತಿಯನ್ನು ನೂರಕ್ಕೆ 4ಕ್ಕೆ ಏರಿಸಿತು. ಬೀದಿಗೆ ಬಂದು ಕೇಳದೆ ಇವುಗಳಲ್ಲಿ ಎಷ್ಟು ಕೈಸೇರುತ್ತಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಲ್ಲಿ ಒಂದು ಮಾತು. ನಮ್ಮ ಸರ್ಕಾರದವರು ಈ ಜನರನ್ನು ‘ವಿಕಲಚೇತನರು’ ಎಂದು ಕರೆಯುವರು. ಇಲಾಖೆಯ ಹೆಸರಿನಲ್ಲಿಯೂ ಅದೇ ಪದವಿದೆ. ಸಂಸ್ಕೃತವನ್ನು ಬಲ್ಲವರಿಗೆ ಇದರ ಅರ್ಥ ‘ಚೇತನವೇ ಊನವಾದವರು’ ಎಂದಾಗುವುದು. ಊನವಾಗಿರುವುದು ಅಂಗ, ಚೇತನವಲ್ಲ. ಗೌರವಕ್ಕಾಗಿ ಕಟ್ಟಿದ ಪದವು ಇದ್ದುದಕ್ಕಿಂತ ಹೆಚ್ಚಿನದನ್ನು ಕಿತ್ತುಕೊಂಡಿತು. ಆದುದರಿಂದ ನಾವು ಹಳೆಯ ಮಾತನ್ನೇ ಬಳಸಿದ್ದೇವೆ.

ದಸ್ತಗಿರಿಯ ಪದ್ಧತಿಯನ್ನು ಎಲ್ಲರೂ ಕಂಡಿರುವರು. ಕುಳಿತವರನ್ನು ತೋಳು ಹಿಡಿದು ಎಬ್ಬಿಸಿ, ಬಸ್ಸಿಗೆ ಹತ್ತಿಸಿ, ಯಾವುದೋ ಮೈದಾನಕ್ಕೆ ಒಯ್ದು ಸಂಜೆಗೆ ಬಿಡುವುದು. ಕೈಕಾಲು ಗಟ್ಟಿಯಿದ್ದವರಿಗೆ ಇದು ಅರ್ಧ ದಿನದ ಬೇಸರ. ಗಾಲಿಕುರ್ಚಿಯವರಿಗೆ ಹಾಗಲ್ಲ: ಬಸ್ಸಿನ ಮೆಟ್ಟಿಲು ಹತ್ತಲಾಗದು, ಎತ್ತುವ ಕೈಗಳಿಗೆ ಎಲ್ಲಿ ಹಿಡಿದರೆ ನೋವೆಂಬುದು ತಿಳಿಯದು, ಕುರ್ಚಿ ರಸ್ತೆಯಲ್ಲಿಯೇ ಉಳಿದರೆ ಬಿಡುಗಡೆಯಾದ ಮೇಲೂ ಅವರು ಬಂದಿಗಳೇ. ಊರುಗೋಲನ್ನು ಕಸಿದುಕೊಂಡರೆ ಕಾಲನ್ನೇ ಕಸಿದಂತೆ. ಕಿವಿ ಕೇಳದವನು ಚದುರಿಹೋಗೆಂಬ ಆಜ್ಞೆಯನ್ನು ಪಾಲಿಸಲಿಲ್ಲವೆಂದರೆ ಅದು ಅವಿಧೇಯತೆಯೆ? ಇನ್ನು ಶೌಚದ ಮಾತನ್ನು ಗೃಹಸ್ಥರ ಪತ್ರಿಕೆಯಲ್ಲಿ ಬಿಡಿಸಿ ಹೇಳುವುದು ಬೇಡ. ಮನೆಯಲ್ಲಿ ಹಾಸಿಗೆ ಹಿಡಿದವರ ಸೇವೆ ಮಾಡಿದ ತಾಯಂದಿರಿಗೆ ಅದು ತಿಳಿಯದ್ದಲ್ಲ.

ಕಾನೂನು ಇದನ್ನು ಅರಿಯದೆ ಇಲ್ಲ. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೆಯ ಪ್ರಕರಣದ 7ನೆಯ ಉಪಪ್ರಕರಣವು, 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕಾಗಿ ಅಶಕ್ತರನ್ನಾಗಲಿ 60 ವರ್ಷ ಮೀರಿದವರನ್ನಾಗಲಿ ಡಿವೈಎಸ್‌ಪಿ ಅಥವಾ ಅವರಿಗೂ ಮೇಲಿನ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ದಸ್ತಗಿರಿ ಮಾಡಕೂಡದೆಂದು ವಿಧಿಸುವುದು. ಅರವತ್ತರ ಹೊಸ್ತಿಲಲ್ಲಿರುವ ನಾವು ಇದನ್ನು ಸ್ವಲ್ಪ ಸ್ವಾರ್ಥದಿಂದಲೇ ಓದಿದೆವೆಂದರೆ ವಾಚಕರು ನಗಬಾರದು. ಅದೇ ಸಂಹಿತೆಯ 179ನೆಯ ಪ್ರಕರಣದಂತೆ, ಸಾಕ್ಷಿಯಾಗಿ ವಿಚಾರಿಸಬೇಕಾದ ಅಂಗವಿಕಲರನ್ನು ಠಾಣೆಗೆ ಕರೆಸದೆ ಅವರಿದ್ದಲ್ಲಿಗೇ ಪೋಲೀಸಿನವರು ಹೋಗತಕ್ಕದ್ದು. ಆದರೆ ಮುಂಜಾಗ್ರತೆಯ ಬಂಧನಕ್ಕೆ 170ನೆಯ ಪ್ರಕರಣವು ಬೇರೆಯಾಗಿದೆ. ಆ ಬಾಗಿಲಿನಿಂದ ನುಗ್ಗಿದರೆ ಅನುಮತಿಯ ಕಟ್ಟು ಸಡಿಲವಾಗುವುದೆಂಬ ಭಯ ನಮಗಿದೆ. ಸಭೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಆ ಬಾಗಿಲೇ.

ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನು ಜನಕನ ಯಜ್ಞಕ್ಕೆ ಹೋಗುವಾಗ ದಾರಿಯಲ್ಲಿ ಅರಸನೇ ಎದುರಾಗುವನು. ಎಂಟು ಕಡೆ ಸೊಟ್ಟಗಾದ ಆ ಬಾಲಕನು ಬದಿಗೆ ಸರಿಯದೆ, ದಾರಿ ಯಾರಿಗೆ ಸಲ್ಲಬೇಕೆಂದು ಎಣಿಸಿ ಹೇಳುವನು. ಆ ಸಾಲಿನಲ್ಲಿ ಕುರುಡನೂ ಕಿವುಡನೂ ಅರಸನಿಗಿಂತ ಮುಂದೆ. ಕೊನೆಗೆ ಬ್ರಾಹ್ಮಣನನ್ನು ಎಲ್ಲರಿಗಿಂತ ಮೇಲಿಟ್ಟನೆಂಬುದೂ ನಿಜ. ಅದು ಆ ಕಾಲಕ್ಕಿರಲಿ. ಅರಸನು ದಸ್ತಗಿರಿ ಮಾಡಿಸಲಿಲ್ಲ, ದಾರಿ ಬಿಟ್ಟನು.

ನಮ್ಮ ಕಾಲದ ದಾರಿಯನ್ನು ನೋಡೋಣ. ಬೆಂಗಳೂರಿನಲ್ಲಿ ಪ್ರದರ್ಶನಗಳು ಫ್ರೀಡಂ ಪಾರ್ಕಿನಲ್ಲಿ ಮಾತ್ರ ನಡೆಯತಕ್ಕದ್ದೆಂದು 2021ರ ಆದೇಶವು ಕಟ್ಟುಮಾಡಿತು. ಅದು ಹಿಂದೆ ಸೆರೆಮನೆಯಾಗಿದ್ದ ಜಾಗವೆಂಬುದು ವಿನೋದ. ಮಾಗಡಿ, ಚನ್ನಪಟ್ಟಣಗಳಿಂದ ಅಲ್ಲಿಗೆ 50-60 ಕಿಲೋಮೀಟರು. ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ನೆಯ ಆಗಸ್ಟ್ 1ರಿಂದ ದ್ವಿಚಕ್ರ ತ್ರಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಪಕ್ಕದ ಗಾಲಿ ಜೋಡಿಸಿದ ಸ್ಕೂಟರಿನವರಿಗೆ ಸೇವಾರಸ್ತೆಯೇ ಗತಿ. ಇಷ್ಟು ದೂರ ಬಂದವನನ್ನು ಹೊತ್ತು ಮುಳುಗುವ ಮುನ್ನ ಬಸ್ಸಿಗೆ ತುಂಬುವುದು ಯಾವ ‘ಯುಕ್ತ’?

ಕಾಸರಗೋಡಿನ ಕನ್ನಡ ಮನೆಗಳ ಕಥೆ ಇದಕ್ಕಿಂತ ಕರುಣಾಜನಕ. ಎಣ್ಮಕಜೆ ಮೊದಲಾದ ಕಡೆ ಗೇರುತೋಟಗಳ ಮೇಲೆ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಚೆಲ್ಲಿದ ಫಲವಾಗಿ ನೊಂದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ 2016ರಲ್ಲಿಯೂ 2019ರಲ್ಲಿಯೂ ಕುಳಿತರು. 2017ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ತಲಾ 5 ಲಕ್ಷ ರೂಪಾಯಿ ಕೊಡಲು ಆಜ್ಞಾಪಿಸಿದ್ದರೂ, 3,704 ಮಂದಿಯಲ್ಲಿ ಹಣ ಮುಟ್ಟಿದುದು 8 ಮಂದಿಗೆ ಮಾತ್ರವೆಂದು 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ಛೀಮಾರಿ ಹಾಕಿತು. ಆ ವರ್ಷದ ಅಕ್ಟೋಬರಿನಲ್ಲಿ ಎಂಬತ್ತು ದಾಟಿದ ದಯಾಬಾಯಿಯವರು ಇವರಿಗಾಗಿ ಉಪವಾಸ ಕುಳಿತಾಗ ಪೋಲೀಸಿನವರು ಆಸ್ಪತ್ರೆಗೆ ಸಾಗಿಸಿದರು. ಆಕೆ ಹಿಂದಿರುಗಿ ಬಂದು ಮತ್ತೆ ಕುಳಿತರು.

ಮನೆಯಲ್ಲಿ ಅಂಗವಿಕಲರಿರುವ ಗೃಹಸ್ಥರು ಒಂದು ವಿಷಯವನ್ನು ಬರೆದಿಟ್ಟುಕೊಳ್ಳುವುದು ಲೇಸು. 1987ರ ಕಾನೂನು ಸೇವಾ ಶಾಸನದ 12ನೆಯ ಪ್ರಕರಣದಂತೆ, ವರಮಾನವೆಷ್ಟೇ ಇರಲಿ, ಅಂಗವಿಕಲರಿಗೆ ವಕೀಲರ ನೆರವು ಉಚಿತ. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸತಕ್ಕದ್ದು. ತಾಲ್ಲೂಕಿನ ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಹೋಗಲಾರದವರಿಗೆ ದೂರವಾಣಿಯ ಸಂಖ್ಯೆ 15100.