ಹಳೆಯ ಬೋಟು ಮತ್ತು ದಲ್ಲಾಳಿ

ಕಡಲ ಕರೆಯ ಊರಿನವರಿಗೆ ಬೋಟಿನ ವಿಚಾರ ಹೊಸದಲ್ಲ. ಆದರೆ ಈ ಸಂಚಿಕೆಯ ವಾಚಕರಲ್ಲಿ ಘಟ್ಟದ ಮೇಲಿನಿಂದ ಬಂದ ಮಿತ್ರರೂ ಅಧ್ಯಾಪಕರೂ ಇರುವುದರಿಂದ ಕೊಂಚ ಪೀಠಿಕೆ ಬೇಕಾಗಿದೆ. ಹೊಸ ಮೀನುಗಾರಿಕೆ ಬೋಟು ಕಟ್ಟಿಸುವ ಶಕ್ತಿ ಎಲ್ಲರಿಗೂ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಇನ್ನೊಬ್ಬರ ಬೋಟಿನಲ್ಲಿ ಕಲಾಸಿಯಾಗಿ ಬಲೆಯೆಳೆದವನು ಸ್ವಂತದ್ದೊಂದು ಮಾಡಬೇಕೆಂದು ಹೊರಟರೆ ಅವನ ಕೈಗೆ ಎಟುಕುವುದು ಹಳೆಯದೇ. ಹಾಗೆ ಹುಡುಕಹೊರಟವನಿಗೆ ಬೋಟಿಗಿಂತ ಮೊದಲು ಎದುರಾಗುವವನು ದಲ್ಲಾಳಿ.

ನನ್ನ ಅಪ್ಪಯ್ಯ ಮತ್ತು ಇಬ್ಬರು ಮಾವಂದಿರು ಕೂಡಿ ಒಂದು ಮರದ ಟ್ರಾಲ್ ಬೋಟು ಕೊಳ್ಳಲು ಯೋಚಿಸಿದಾಗ, ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಕಾಗದಪತ್ರ ಓದುವ ಕೆಲಸ ನನ್ನ ಪಾಲಿಗೆ ಬಂತು. ಗಂಗೊಳ್ಳಿಯಿಂದ ಮಲ್ಪೆಗೆ, ಮಲ್ಪೆಯಿಂದ ಮಂಗಳೂರಿಗೆ ಅವರ ಹಿಂದೆ ತಿರುಗಿದೆ. ಇಪ್ಪತ್ತೈದು ವರ್ಷದ ಉಳಿತಾಯದ ಜೊತೆಗೆ ಅಮ್ಮನ ಬಳೆಗಳೂ ಆ ಹಣದಲ್ಲಿ ಸೇರಿದ್ದುವು. ಆದ್ದರಿಂದ ನಾನು ಕಂಡು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದಲ್ಲಾಳಿಯನ್ನು ಬೈಯುವುದು ಸುಲಭ. ಅವನಿಲ್ಲದೆ ವ್ಯಾಪಾರ ನಡೆಯುವುದು ಕಷ್ಟ. ಬೋಟು ಮಾರುವವನು ಊರೆಲ್ಲ ಡಂಗುರ ಸಾರಲಾರ. ಸುದ್ದಿ ಹೊರಬಿದ್ದರೆ ತಾಂಡೇಲನೂ ಕಲಾಸಿಗಳೂ ಬೇರೆ ಬೋಟು ನೋಡಿಕೊಳ್ಳುತ್ತಾರೆ, ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ. ಹೀಗಾಗಿ ಯಾವ ಬೋಟು ಮಾರಾಟಕ್ಕಿದೆ ಎಂಬುದು ದಲ್ಲಾಳಿಯ ಕಿವಿಗೆ ಮಾತ್ರ ಬೀಳುತ್ತದೆ. ಆ ತಿಳಿವಳಿಕೆಯೇ ಅವನ ಬಂಡವಾಳ. ಅದಕ್ಕೆ ಅವನು ಕೂಲಿ ಕೇಳುವುದು ನ್ಯಾಯವೇ ಸರಿ.

ಆದರೆ ಆ ಕೂಲಿ ಹುಟ್ಟುವುದು ಹೇಗೆಂದು ಲೆಕ್ಕ ಹಾಕಿ ನೋಡಬೇಕು. ಬೋಟಿನ ಬೆಲೆ 20 ಲಕ್ಷ, ದಲ್ಲಾಳಿಗೆ ನೂರಕ್ಕೆ ಎರಡು ಎಂದು ಇಟ್ಟುಕೊಳ್ಳೋಣ. ಅವನಿಗೆ 40,000 ರೂಪಾಯಿ. ಅವನು ನಮ್ಮ ಪರವಾಗಿ ಗಂಟಲು ಹರಿದುಕೊಂಡು ವಾದಿಸಿ ಬೆಲೆಯನ್ನು 19 ಲಕ್ಷಕ್ಕೆ ಇಳಿಸಿದರೆ ನಮಗೆ ಒಂದು ಲಕ್ಷ ಉಳಿಯುತ್ತದೆ. ಅವನಿಗೋ 2,000 ಖೋತಾ. ಮಾರುವವನ ಪರ ವಾದಿಸಿ ಒಂದು ಲಕ್ಷ ಏರಿಸಿದರೂ ಅವನಿಗೆ ಸಿಗುವುದು ಅದೇ 2,000. ಅಷ್ಟಕ್ಕಾಗಿ ಅವನು ಒಂದು ದಿನವನ್ನೂ ಕಳೆಯಲಾರ. ಅವನಿಗೆ ಬೇಕಾದದ್ದು ವ್ಯಾಪಾರ ಬೇಗ ಮುಗಿಯುವುದು. ಬೆಲೆ ಹೆಚ್ಚೋ ಕಡಿಮೆಯೋ ಎಂಬುದು ಅವನಿಗೆ ಎರಡನೆಯ ಮಾತು. ಈ ಒಂದು ಸಂಗತಿಯನ್ನು ಹಿಡಿದುಕೊಂಡರೆ ಅವನ ಮಿಕ್ಕ ನಡತೆಯೆಲ್ಲ ತಾನಾಗಿ ಅರ್ಥವಾಗುತ್ತದೆ. “ನಾಳೆ ಮಂಗಳೂರಿನವರು ಬರ್ತಾರೆ ಮಾರಾಯ್ರೆ, ನಿಮಗೆ ಅಂತಲೇ ಹಿಡಿದಿಟ್ಟದ್ದು” ಎಂಬ ಮಾತನ್ನು ನಾವು ಎರಡು ತಿಂಗಳಲ್ಲಿ ನಾಲ್ಕು ಬಂದರುಗಳಲ್ಲಿ ಕೇಳಿದೆವು. ಮಂಗಳೂರಿನಲ್ಲಿ ಕೇಳಿದಾಗ ಬರುವವರು ಮಲ್ಪೆಯವರಾಗಿದ್ದರು, ಅಷ್ಟೇ ವ್ಯತ್ಯಾಸ.

ಇನ್ನೊಂದು ಬಗೆಯುಂಟು. ಒಡೆಯನು “ನನ್ನ ಕೈಗೆ 18 ಲಕ್ಷ ಬಂದರೆ ಸಾಕು” ಎನ್ನುತ್ತಾನೆ. ದಲ್ಲಾಳಿ ನಮ್ಮೊಡನೆ 20 ಎನ್ನುತ್ತಾನೆ. ನಡುವಿನದು ಅವನ ಜೇಬಿಗೆ. ಇಂಥಲ್ಲಿ ಕೊಳ್ಳುವವನೂ ಮಾರುವವನೂ ಮುಖಾಮುಖಿಯಾಗದಂತೆ ನೋಡಿಕೊಳ್ಳುವುದೇ ಅವನ ದೊಡ್ಡ ಕೆಲಸ. ಕೆಲವೊಮ್ಮೆ ಆ ಬೋಟು ಆಗಲೇ ಅವನದ್ದೇ ಆಗಿರುವುದೂ ಉಂಟು. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ, ನಮ್ಮ ಪ್ರತಿನಿಧಿಯಾಗಿ ನಿಂತವನು ನಮಗೆ ತಿಳಿಸದೆ ತನ್ನದೇ ಸ್ವತ್ತನ್ನು ನಮಗೆ ಮಾರಿದರೆ, ಅವನು ಮುಖ್ಯ ಸಂಗತಿಯನ್ನು ಮುಚ್ಚಿಟ್ಟದ್ದು ಅಥವಾ ಅದರಿಂದ ನಮಗೆ ಹಾನಿಯಾದದ್ದು ಸಿದ್ಧವಾದಲ್ಲಿ ಆ ವ್ಯವಹಾರವನ್ನು ನಿರಾಕರಿಸಬಹುದು. ಆದರೆ ಅವನು ನಮ್ಮ ಪ್ರತಿನಿಧಿಯೋ ಮಾರುವವನ ಪ್ರತಿನಿಧಿಯೋ ಎಂಬುದು ಎಲ್ಲಿಯೂ ಬರೆದಿಲ್ಲದಿದ್ದರೆ ಕಾಯಿದೆಯನ್ನು ಕಟ್ಟಿಕೊಂಡು ಏನು ಮಾಡುವುದು? ಆದ್ದರಿಂದ ಮೊದಲ ದಿನವೇ ಕೇಳಬೇಕು: ನಿಮಗೆ ಹಣ ಕೊಡುವವರು ಯಾರು, ಎಷ್ಟು, ಯಾವಾಗ? ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಮಾಡಿಸಬೇಕು. ನಾನು ಹಾಗೆ ಕೇಳಿದಾಗ ಒಬ್ಬರು ಅಪ್ಪಯ್ಯನ ಮುಖ ನೋಡಿ, “ನಿಮ್ಮ ಮಗನಿಗೆ ಓದು ಜಾಸ್ತಿ ಆಯ್ತು” ಎಂದರು. ಇನ್ನೊಬ್ಬರು ಏನೂ ಹೇಳದೆ ಬರೆದುಕೊಟ್ಟರು. ನಮ್ಮ ಮುಂದಿನ ವ್ಯವಹಾರವೆಲ್ಲ ಎರಡನೆಯವರೊಡನೆಯೇ ನಡೆಯಿತು.

ಬೋಟನ್ನು ನೀರಿನ ಮೇಲೆ ನೋಡಿದ್ದು ನೋಡಿದಂತಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ದುರಸ್ತಿಗಾಗಿ ದಡಕ್ಕೇರಿಸಿದ ಬೋಟಿನ ತಳವನ್ನು ನೋಡಲು ಅದೇ ತಕ್ಕ ಕಾಲ. ಜುಲೈ ಕೊನೆಯಲ್ಲಿ ಹೊಸ ಬಣ್ಣ ಬಳಿದು ನೀರಿಗಿಳಿಸಿದ ಮೇಲೆ ತೋರಿಸುವವರ ಬಗ್ಗೆ ಜಾಗ್ರತೆ ಬೇಕು. ಆಗಸ್ಟ್ ಒಂದಕ್ಕೆ ಕಡಲಿಗೆ ಹೋಗಬೇಕೆಂಬ ಆತುರ ನಮ್ಮದಾಗಿರುತ್ತದೆ. ಸುತ್ತಿಗೆಯಿಂದ ಹಲಗೆಗಳನ್ನು ತಟ್ಟುತ್ತ ಹೋದರೆ ಗಟ್ಟಿ ಮರ ಒಂದು ದನಿ ಕೊಡುತ್ತದೆ, ಕೊಳೆತದ್ದು ಇನ್ನೊಂದು. ಅಪ್ಪಯ್ಯ ಎಲ್ಲಕ್ಕಿಂತ ಮೊದಲು ಇಳಿಯುತ್ತಿದ್ದುದು ಮಂಜುಗಡ್ಡೆ ತುಂಬುವ ಕೋಣೆಗೆ. ನನಗೆ ಕಾರಣ ತಿಳಿದಿರಲಿಲ್ಲ. ಉಪ್ಪುನೀರಿಗಿಂತ ಮಂಜು ಕರಗಿದ ಸಿಹಿನೀರು ಮರವನ್ನು ಬೇಗ ಕೊಳೆಸುತ್ತದಂತೆ. ಹೊರಗೆ ಎಷ್ಟೇ ಚೆಂದವಿದ್ದರೂ ಒಳಗಿನ ಆ ಮೂಲೆ ಸುಳ್ಳು ಹೇಳದು. ಎಂಜಿನನ್ನು ಚಾಲೂ ಮಾಡುವ ಮುನ್ನ ಕೈಯಿಟ್ಟು ನೋಡಬೇಕು. ನಾವು ಬರುವ ಮೊದಲೇ ಅದು ಬೆಚ್ಚಗಿದ್ದರೆ, ತಣ್ಣಗಿದ್ದಾಗ ಅದು ಸುಲಭವಾಗಿ ಏಳುವುದಿಲ್ಲವೆಂಬ ಸಂಶಯಕ್ಕೆ ಎಡೆಯುಂಟು. ದಲ್ಲಾಳಿ ಕರೆತಂದ ಮೇಸ್ತ್ರಿಯ ಮಾತು ದಲ್ಲಾಳಿಯದೇ ಮಾತು. ನಮ್ಮ ಬಡಗಿಯನ್ನೂ ನಮ್ಮ ಎಂಜಿನ್ ಮೆಕ್ಯಾನಿಕನನ್ನೂ ನಾವೇ ಕರೆದೊಯ್ಯಬೇಕು.

ಕಾಗದಗಳ ವಿಷಯ ನನ್ನದಾಗಿತ್ತು. ನೋಂದಣಿ ಪತ್ರದಲ್ಲಿರುವ ಹೆಸರು ಮಾರುವವನದೇ ಆಗಿರಬೇಕು. ತಾನು ಒಡೆಯನಲ್ಲದವನು ಒಡೆತನವನ್ನು ಕೊಡಲಾರನೆಂಬುದು 1930ರ ಸರಕು ಮಾರಾಟ ಕಾಯಿದೆಯ ಸಾಮಾನ್ಯ ನಿಯಮ. ಪತ್ರದಲ್ಲಿರುವ ಎಂಜಿನ್ ಸಂಖ್ಯೆಯನ್ನು ಎಂಜಿನಿನ ಮೇಲಿರುವುದರೊಡನೆ ಹೋಲಿಸಬೇಕು. ನಾವು ನೋಡಿದ ಒಂದು ಬೋಟಿನಲ್ಲಿ ಅವೆರಡಕ್ಕೂ ಸಂಬಂಧವೇ ಇರಲಿಲ್ಲ. “ಎಂಜಿನ್ ಬದಲಿಸಿದ್ದು, ಬರೆಸಲು ಮರೆತದ್ದು” ಎಂದರು. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯ ಪರವಾನಗಿ, ಕರರಹಿತ ಡೀಸೆಲಿನ ಪುಸ್ತಕ, ವಿಮೆ, ಬ್ಯಾಂಕಿನ ಬಾಕಿಯಿಲ್ಲದ ಪತ್ರ ಇವನ್ನೆಲ್ಲ ಮೀನುಗಾರಿಕೆ ಇಲಾಖೆಯಲ್ಲಿಯೂ ಬ್ಯಾಂಕಿನಲ್ಲಿಯೂ ನಾವೇ ಹೋಗಿ ವಿಚಾರಿಸತಕ್ಕದ್ದು. ಬೋಟಿನ ಜೊತೆಗೆ ದೊಡ್ಡ ಜನರೇಟರು, ದೀಪಗಳು ಬರುತ್ತವೆಂದು ಬೆಲೆ ಏರಿಸುವವರೂ ಇದ್ದಾರೆ. ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲಿಯೇ ನಿಷೇಧಿಸಿದೆ. ಆ ಸಾಮಾನಿಗೆ ಒಂದು ಕಾಸನ್ನೂ ಕೊಡಬೇಕಾಗಿಲ್ಲ.

ಆದರೆ ಯಾವ ಕಾಗದದಲ್ಲಿಯೂ ಇಲ್ಲದ ಒಂದು ಸಾಲವುಂಟು. ಧಕ್ಕೆಯಲ್ಲಿ ಮೀನು ಹರಾಜು ಹಾಕುವ ಕಮಿಷನ್ ಏಜೆಂಟರಲ್ಲಿ ಕೆಲವರು ಬೋಟಿನವರಿಗೆ ಡೀಸೆಲಿಗೆಂದು, ಬಲೆಗೆಂದು ಮುಂಗಡ ಕೊಟ್ಟಿರುತ್ತಾರೆ. ಅದಕ್ಕೆ ಪ್ರತಿಯಾಗಿ ಆ ಬೋಟಿನ ಮೀನು ಅವರ ಮೂಲಕವೇ ಮಾರಾಟವಾಗಬೇಕು. ಬೋಟು ಕೈ ಬದಲಾದರೂ ಅವರು ಬೋಟಿನ ಹಿಂದೆಯೇ ಬರುತ್ತಾರೆ. ಕಾನೂನಿನಲ್ಲಿ ಆ ಸಾಲ ಹಳೆಯ ಒಡೆಯನದು, ನಿಜ. ಆದರೆ ಅದೇ ಧಕ್ಕೆಯಲ್ಲಿ ದಿನವೂ ಮೀನು ಇಳಿಸಬೇಕಾದವನು ಅವರೊಡನೆ ಕಾನೂನು ಮಾತಾಡಿ ಎಷ್ಟು ದಿನ ಬಾಳಿಯಾನು? ದಲ್ಲಾಳಿಗೆ ಇದು ಗೊತ್ತಿರುತ್ತದೆ. ಕೇಳದಿದ್ದರೆ ಹೇಳುವುದಿಲ್ಲ, ಕೇಳಿದರೂ ಕೆಲವರು ಹೇಳುವುದಿಲ್ಲ.

ಇದನ್ನು ತಿಳಿಯಲು ಮಾವ ಒಂದು ಉಪಾಯ ಮಾಡಿದರು. ನಿಷೇಧಕ್ಕೆ ಮೊದಲು, ಮೇ ತಿಂಗಳಲ್ಲಿ, ನಾವು ಮೆಚ್ಚಿದ್ದ ಬೋಟು ಬಂದರಿಗೆ ಬಂದಾಗಲೆಲ್ಲ ಧಕ್ಕೆಯ ಮೇಲೆ ಹೋಗಿ ನಿಂತರು. ಮೂರು ಸಲವೂ ಮೀನು ಒಬ್ಬರ ಹರಾಜಿಗೇ ಹೋಯಿತು. ನಾಲ್ಕನೆಯ ಸಲ ಮಾವ ಅವರನ್ನೇ ನೇರವಾಗಿ ಕೇಳಿದರು. ಮೂರು ಲಕ್ಷ ಬಾಕಿ ಎಂದು ಅವರು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು.

ನಾವು ಆ ಬೋಟನ್ನು ಬಿಡಲಿಲ್ಲ. ದಲ್ಲಾಳಿ, ಒಡೆಯ, ಏಜೆಂಟರು ಮೂವರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದೆವು. ಬೆಲೆಯಲ್ಲಿ ಮೂರು ಲಕ್ಷವನ್ನು ನೇರವಾಗಿ ಏಜೆಂಟರಿಗೆ ಕೊಟ್ಟು ಋಣ ತೀರಿದ ರಸೀದಿ ಪಡೆಯುವುದು, ಉಳಿದದ್ದು ಒಡೆಯನ ಬ್ಯಾಂಕ್ ಖಾತೆಗೆ, ದಲ್ಲಾಳಿಯ ಹಣ ಇಲಾಖೆಯಲ್ಲಿ ಹೆಸರು ಬದಲಾದ ದಿನ ಎಂದು ಗೊತ್ತುಮಾಡಿದೆವು. ಕರಾರನ್ನು ಓದಿ ಹೇಳಿದವನು ನಾನು. ಹೆಸರು ಬದಲಾಗಲು ಐದು ವಾರ ಹಿಡಿಯಿತು. ಆ ಐದು ವಾರವೂ ಇಲಾಖೆಗೆ ನಮಗಿಂತ ಹೆಚ್ಚು ಸಲ ಅಲೆದವರು ದಲ್ಲಾಳಿಯವರೇ.